ಹಂಪಣ್ಣನ ಚೀಟಿ

ಬ್ಯಾಡಗಿಯ ಸೋಮವಾರ. ಟೆಂಡರು ಮುಗಿದು
ಎರಡು ತಾಸಾಯಿತು, ದುಡ್ಡು ಹೋಗವಲ್ಲದು.
ಚೀಲದ ಮೇಲೆ ಕುಂತ ಹೆಂಗಸರು ನನ್ನ ಬ್ಯಾಗು ನೋಡುತ್ತಾರೆ,
ಡಾಕ್ಟರ ಬ್ಯಾಗು ನೋಡಿದ ಹಾಗೆ.
ಸರ್ವರಿನ ಮುಚ್ಚಳ ತೆಗೆದರೆ ಫ್ಯಾನಿನೊಳಗೆ ಕೆಂಪು ಧೂಳು,
ಒಂದೆರಡು ಮೆಣಸಿನ ಬೀಜ. ಮೂರು ಸಲ ಸೀನಿದೆ.

ಧೂಳಿನದಲ್ಲ ತಪ್ಪು. ಪರದೆಯ ಮೇಲೆ ಒಂದೇ ಸಾಲು:
ಈ ಸಹಿ ಮಾಡಿದವರನ್ನು ನಾನರಿಯೆ.

"ಬ್ಯಾಂಕು ಖೊಟ್ಟಿ ಏನ್ರಿ, ನದಾಫ ಮೇಡಂ?"
ಕೇಳಿದವರು ಮೈಲಾರಪ್ಪ, ಅಡತಿ ಅಂಗಡಿಯ ದಿವಾಣಜಿ,
ನಲವತ್ತೊಂದು ದೀಪಾವಳಿಯ ಖಾತೆಪೂಜೆ ಕಂಡವರು.
ಬ್ಯಾಂಕು ಖರೇನ ಐತ್ರಿ, ಅಂದೆ.
ಹೊಸ ಜಾಮೀನುದಾರನ ಸಹಿ ತಂದೈತಿ ಅಷ್ಟ.
ಈ ಪೆಟ್ಟಿಗಿ ಹುಟ್ಟಿದಾಗ ಕೊಟ್ಟ ದೊಡ್ಡವರ ಪಟ್ಟಿಯೊಳಗ
ಆ ಹೆಸರ ಇಲ್ಲ.
ಒಂಬತ್ತು ವರ್ಷ ಆತು, ಪಟ್ಟಿ ಯಾರೂ ಮುಟ್ಟಿಲ್ಲ.

ಅವರು ಕನ್ನಡಕ ತೆಗೆದರು.
"ಹಂಪಣ್ಣನ ಚೀಟಿ ಇದ್ರ ಸಾಕಿತ್ತು ಆಗ.
ಗುಂಟೂರಿನಾಂವ ಬರಲಿ, ಸಾಂಗಲಿಯಾಂವ ಬರಲಿ,
ಮಾರಿ ನೋಡತಿದ್ದಿಲ್ಲ, ಚೀಟಿ ನೋಡಿ ಚೀಲ ಹೊರಸತಿದ್ದಿವಿ.
ಹಂಪಣ್ಣ ಸತ್ತ. ಮೂರು ಹಂಗಾಮು ಚೀಟಿ ಬರತಾನ ಇದ್ದುವು.
ಮಗ ಶಿಕ್ಕಾ ಮಾರಿಕೊಂಡಿದ್ದ. ನಮಗ ಗೊತ್ತಾದದ್ದು
ನೂರಾ ಎಂಬತ್ತು ಚೀಲ ಹೋದ ಮ್ಯಾಲ.
ಸಾಹುಕಾರ್ರು ನನಗ ಬೈಲಿಲ್ಲ.
ಅದ ಇನ್ನೂ ಚುಚ್ಚತೈತಿ."

ನಾನು ಮಾತಾಡಲಿಲ್ಲ. ಹೊಸ ಪಟ್ಟಿ ಇಳಿಸಿಕೊಂಡೆ,
ಒಂದೊಂದರ ಹೆಬ್ಬೆಟ್ಟಿನ ಗುರುತು ಹೋಲಿಸಿ ನೋಡಿದೆ.
ಸೇರಿದವರು ಹದಿನೇಳು, ವಾಯಿದೆ ಮುಗಿದವರು ಹನ್ನೊಂದು,
ನಂಬಿಕೆ ಕೆಡಿಸಿ ಹೊರಬಿದ್ದವರು ಇಬ್ಬರು.
ಆ ಇಬ್ಬರನ್ನು ಅಳಿಸುವಾಗ
ಮೈಲಾರಪ್ಪ ಹತ್ತಿರ ಬಗ್ಗಿ ನೋಡಿದರು.

"ಈ ದೊಡ್ಡವರಿಗೆ ಯಾರು ಸಹಿ ಮಾಡತಾರ?"
ತಮಗ ತಾವ, ಅಂದೆ.
"ತನಗ ತಾನ ಜಾಮೀನು ನಿಂತಾಂವ
ಒಂದೋ ದೇವರು, ಇಲ್ಲಾ ಲಫಂಗ."
ಅದಕ್ಕ ನೋಡ್ರಿ ಆಗಾಗ ನೋಡಬೇಕಾಗೋದು.
ಅವರು ನಗಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ
ಮುಂದಿನ ತಿಂಗಳ ಹುಣ್ಣಿವೆಗೆ ಕೆಂಪು ಗೆರೆ ಎಳೆದರು.

ದುಡ್ಡು ಹೋಯಿತು. ಅಂಗಳದಲ್ಲಿ ಫೋನುಗಳು
ಅಲ್ಲೊಂದು ಇಲ್ಲೊಂದು ಕಿಣಿಗುಟ್ಟಿದವು.
ಓದು ಬಾರದ ಒಬ್ಬಾಕೆ ತನ್ನದನ್ನು ನನ್ನತ್ತ ಚಾಚಿದಳು:
"ಬಂದೈತೇನ್ ನೋಡವ್ವಾ."
ಬಂದೈತಿ, ಅಂದೆ.
ಸೆರಗು ಝಾಡಿಸಿ ಎದ್ದಳು, ಖಾಲಿ ಚೀಲ ಮಡಚಿದಳು,
ನನ್ನ ಹೆಸರನ್ನೂ ಕೇಳಲಿಲ್ಲ.