ಎರಡು ಥೌ

ತೂಕಕ್ಕ ಕೊಂಡೆ, ಹೆಸರಿಗಲ್ಲ.
ಡೋಣಿ ದಾಟಿದ ಮ್ಯಾಲ ಕಲ್ಲು ಮಷೀನಿನ ಹಿಂದ
ಜಾಲಿಕಂಟಿಯೊಳಗ ಮಾರಿ ತೂರಿಸಿ ನಿಂತಿತ್ತು,
ಸಾಲಿ ತಪ್ಪಿಸಿದ ಹುಡುಗನಂಗ.
ಎರಡು ಟನ್ನು, ಮ್ಯಾಲ ಮುನ್ನೂರಾ ಹತ್ತು ಕಿಲೋ.
ಪಾವತಿ ಮ್ಯಾಲ ‘ಗುಜರಿ’ ಅಂತ ಬರದು ಮಾಲಕ
‘ಏನ್ ಮಾಡ್ತೀಯಪಾ ಇದನ್ನ?’ ಅಂದ.
‘ನೋಡೋಣು’ ಅಂದೆ.
ರಾಚವ್ವಗ ಹೇಳಿದ್ದು ಅರ್ಧಾ ರೇಟು.

ಎಂಜಿನ್ನು ಯಾವತ್ತೋ ಇಳದು ಹೋಗಿ
ಯಾರದೋ ಹಿಟ್ಟಿನ ಗಿರಣಿ ತಿರುಗಿಸಿ ಸತ್ತಿತ್ತಂತ.
ಉಗುರಲೆ ಕೆರದರ ಹಳದಿ, ಅದರ ಕೆಳಗ ಜಿನ್ನಿನವರ ನೀಲಿ,
ಅದರ ಕೆಳಗ ಹಸರು. ಎಲಿ ಹಸರಲ್ಲ,
ನಿಂತ ನೀರಿನ ಪಾಚಿ ಹಸರು.
ಯಾವ ಯುದ್ಧ, ಯಾರ ಕಡೇದು, ಕೇಳಬ್ಯಾಡ್ರಿ.
ಬಾಗಲದ ಒಳಮೈಗೆ ಯಾರೋ ಮೊಳೀಲೆ
ಒಂಬತ್ತು ಗೆರಿ ಕೊರದಾರ, ಹತ್ತನೇದು ಅರ್ಧಾ.
ದಿನಾ ಎಣಿಸಿದನೋ, ಚಹಾದ ಬಾಕಿಯೋ.

ನನಗ ಬೇಕಾದದ್ದು ಅದಲ್ಲ.
ಹದಿನೈದು ವರ್ಷದಾಂವ ಇದ್ದಾಗ
ಬೆಟಗೇರಿ ಸಾಲೋಮನ್ ಮೇಸ್ತ್ರಿಯ ಲೇತಿನ ಮ್ಯಾಲ
ಇದರ ಸ್ಟೇರಿಂಗಿಗೆ ಹಿತ್ತಾಳಿ ಬುಷ್ ಕೊರದಿದ್ದೆ,
ಈ ಕೈಯಿಂದ ಮೊದಲನೇದು.
ಎರಡು ಥೌ ಹೆಚ್ಚು ಹೋತು.
ಮೇಸ್ತ್ರಿ ಅಳತಿ ನೋಡಿದ, ಕಪಾಳಕ್ಕ ಒಂದು ಕೊಟ್ಟ,
ಆಮ್ಯಾಲ ಅದನ್ನs ಹಾಕಿದ:
‘ಗಿರಾಕಿ ಕುಂತಾನ, ಹೋಗ್ಲಿ.’

ದಾವಲ್ ಗರಗದನ ಟ್ರ್ಯಾಕ್ಟರು ಮುಂದ, ನಡುವ ಸರಪಳಿ,
ಹಿಂದ ನಾನು.
ಕೆಂಪು ವಸ್ತ್ರ ಬೀಸಿದರ ನಿಲ್ಲಬೇಕು ಅಂತ ಮಾತಾಗಿತ್ತು.
ಮುಳಗುಂದ ನಾಕಾದಿಂದ ಹುಲಕೋಟಿ ತನಕಾ ಬೀಸಿದೆ,
ಅಂವ ಒಮ್ಮೆರೆ ಹಿಂದ ನೋಡಿದರ ಕೇಳ್ರಿ.
ಎಡಗಡೆ ಸ್ಟೇರಿಂಗಿನ ಗಾಡಿ: ರಸ್ತೆ ಎಲ್ಲಾ ಬಲಕ್ಕ,
ನನ್ನ ಪಾಲಿಗೆ ಬಂದದ್ದು ಅಂಚು:
ಕುಸುಬಿ, ಕಡ್ಲಿ, ಕರೀ ಮಣ್ಣಿನ ಸೀಳು,
ಮೈಲುಗಲ್ಲಿಗೆ ಬೆನ್ನು ತಿಕ್ಕೋ ಹಂದಿ.
ಅಣ್ಣಿಗೇರ್ಯಾಗ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಿಡದ.
ಬಾನೆಟ್ಟು ಎತ್ತಿಸಿ, ಬಗ್ಗಿ,
ಆ ಕಡೆ ನೆಲಾ ಕಂಡು,
‘ಏ, ಇದರಾಗ ಏನೂ ಇಲ್ಲಲ್ಲೋ!’
‘ಅದಕ್ಕs ರೀ, ಎಳಕೊಂಡು ಹೊಂಟೀವಿ.’

ಬೆಣ್ಣಿಹಳ್ಳದ ಇಳಕಲಿನ್ಯಾಗ ಸರಪಳಿ ಸದ್ದು ನಿಂತಿತು.
ಮೊದಲು ಅದು ಹಿತಾ ಅನಿಸ್ತು.
ಆಮ್ಯಾಲ ಗೊತ್ತಾತು: ಎಳಿಯೋರು ಯಾರೂ ಇಲ್ಲ,
ಗಾಡಿ ತಾನs ಹೊಂಟೈತಿ.
ಬ್ರೇಕು ತುಳದರ ಪೆಡಲ್ಲು ಬೆಲ್ಲದಾಗ ಇಳಿದಂಗ ಇಳೀತು.
ಟ್ರ್ಯಾಕ್ಟರಿನ ಬೆನ್ನು ದೊಡ್ಡದಾಗಕೋತ, ದೊಡ್ಡದಾಗಕೋತ,
ದಾವಲನ ಅಂಗಿ ಮ್ಯಾಲಿನ ಬೆವರಿನ ನಕಾಶಿ ಕಂಡಿತು.
ಎತ್ತು ಕಟ್ಟಿದ ಮನಿತನ ಅಲ್ಲ ನಮ್ಮದು,
ಆದರ ಬಾಯಾಗ ಬಂದದ್ದು ‘ಹೋ… ಹೋ…’
ಆಗ ಅಂವ ತಿರುಗಿದ.
ತಿರುಗಿದಾಂವ ನಿಲ್ಲಿಸಲಿಲ್ಲ, ಪುಣ್ಯಾತ್ಮ,
ಎಕ್ಸಲೇಟರ್ ಒತ್ತಿ ಓಡಿದ,
ಎಳಿಯೋ ಮನಿಶ್ಯಾ, ಎಳಿಸಿಕೊಳ್ಳೋದರ ಮುಂದ.

ಬಲಕ್ಕ ತಿರುವಿದೆ, ಚಕ್ರ ಕೇಳಲಿಲ್ಲ.
ಕೈಗೂ ಗಾಲಿಗೂ ನಡುವ ಖಾಲಿ ಜಾಗಾ.
ನಲವತ್ತು ವರ್ಷದಾಗ ಎರಡು ಥೌ
ಬೆಳದು ಬೆರಳಷ್ಟು ಆಗಿತ್ತು.
ಖರೇ ಹೇಳ್ತೀನಿ, ಅಂಜಿಕಿ ಬರಲಿಲ್ಲ, ನಾಚಿಕಿ ಬಂತು.
ಆ ಖಾಲಿ ಎಷ್ಟು ಅಂತ ನನಗ ಗೊತ್ತಿತ್ತಲ್ಲ,
ಅಷ್ಟು ಬಿಟ್ಟು ತಿರುವಿದೆ, ಅಷ್ಟು ಮೊದಲs ತಿರುವಿದೆ,
ಸೇತುವಿ ಕಲ್ಲು ಮೊಣಕೈ ಸವರಿ ಹಿಂದ ಹೋತು.
ಆ ಕಡೆ ಏರಿನ್ಯಾಗ ಸರಪಳಿ ‘ಖಣ್’ ಅಂತು.

ಶಿರಗುಪ್ಪ್ಯಾಗ ಇಬ್ಬರೂ ಇಳದು ಚಹಾ ಕುಡದ್ವಿ.
ದಾವಲ ತನ್ನ ಸಕ್ರಿ ಕಲಿಸಿಕೋತ ಕುಂತ, ಬಾಳ ಹೊತ್ತು.
ಸಕ್ರಿ ಮೊದಲs ಕರಗಿತ್ತು.

ಮಂಟೂರ ರಸ್ತೆಯ ನಮ್ಮ ಓಣಿಗೆ ಬಂದಾಗ ರಾತ್ರಿ ಹತ್ತು.
ಆಜೂಬಾಜೂದವರು ನೂಕಿದರು,
ನೀರಿನ ಡ್ರಮ್ಮು ಸರಿಸಿ ಬೈದರು, ಬೈಕೋತನs ನೂಕಿದರು.
ರಾಚವ್ವ ಟಾರ್ಚ್ ಹಿಡಕೊಂಡು ಸುತ್ತು ಬಂದಳು.
ರೇಟಿನ ಮಾತು ಎತ್ತಲಿಲ್ಲ, ಅದs ಹೆದರಿಕಿ.
ಹಿಂದಿನ ಕಮಾನಿಗೆ, ಡೋಣಿ ಕಡೆಯಿಂದ ಹರಕೊಂಡು ಬಂದ
ಹೀರೀಬಳ್ಳಿ ಒಂದು, ಒಣಗಿದ ಕಾಯಿ ಒಂದು.
ಕಿವಿ ಹತ್ತರ ಅಲ್ಲಾಡಿಸಿದಳು.
‘ಬೀಜಕ್ಕ ಆತು’ ಅಂತ
ಸೆರಗಿನ್ಯಾಗ ಹಾಕ್ಕೊಂಡು ಒಳಗ ಹೋದಳು.

ನಾನು ಸ್ಟೇರಿಂಗ್ ಹಿಡದು ಇನ್ನಷ್ಟು ಹೊತ್ತು ಕುಂತೆ.
ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು.
ನಾಳೆ ಹೊಸಾ ಬುಷ್ ಕೊರೀಬೇಕು.
ನಾಳೆ, ಇಲ್ಲಾ ನಾಡದು.