ಸೌಟಿಗೆ ಸುತ್ತಿದ ಬಟ್ಟೆ

ಇಪ್ಪತ್ತೊಂಬತ್ತು ವರ್ಷ ದಾವಣಗೆರೆ ಬಸ್ ನಿಲ್ದಾಣದಲ್ಲಿ
ಮೈಕಿನ ಮುಂದೆ ಕೂತವಳು ನಾನು.
ಹರಿಹರ, ರಾಣೆಬೆನ್ನೂರು, ಹಾವೇರಿ ಮಾರ್ಗವಾಗಿ...
ನಿದ್ದೆಯಲ್ಲೂ ಊರುಗಳು ಸಾಲಾಗಿ ಬಂದು
ನನ್ನ ಬಾಯಿಂದಲೇ ಹೊರಡುತ್ತಿದ್ದವು.

ನಿವೃತ್ತಿಯ ದುಡ್ಡಲ್ಲಿ ಮುರಿಗೆಪ್ಪ ಹಳೇ ಟೆಂಪೊ ಟ್ರಾವೆಲರ್ ತಂದ.
ಸೀಟು ಕಿತ್ತು ಮಂಚ ಹಾಕಿದ, ಎರಡು ಬರ್ನರಿನ ಒಲೆ,
ನೀರಿನ ಕ್ಯಾನು, ಕಿಟಕಿಗೆ ನನ್ನ ಹಳೇ ಸೀರೆಯ ಪರದೆ.
ನನ್ನದು ಒಂದೇ ಷರತ್ತು: ರೇಡಿಯೊ ಬೇಡ.
ಕೊಕ್ಕೆಗೆ ತೂಗುವ ಸೌಟು, ಜಾಲರಿ, ಇಕ್ಕಳ
ತಿರುವಿನಲ್ಲಿ ಕಣಕಣ ಎನ್ನದಂತೆ
ಒಂದೊಂದಕ್ಕೂ ಬಟ್ಟೆ ಸುತ್ತಿದೆ,
ಹಲ್ಲುನೋವಿಗೆ ದವಡೆ ಕಟ್ಟಿದ ಹಾಗೆ.

ತಿತಿಮತಿಯ ಕಾಡು ದಾಟಿ, ಗೋಣಿಕೊಪ್ಪದಲ್ಲಿ ಕಿತ್ತಳೆ ಕೊಂಡು
ವಿರಾಜಪೇಟೆ ತಲುಪುವಾಗ ಸಂಜೆ ಆರು.
ಗಡಿಯಾರ ಕಂಬದ ಹತ್ತಿರ ದಾರಿ ಕೇಳಿದರೆ
ಬೇಕರಿಯವನು ಬನ್ನಿನ ಪೊಟ್ಟಣಕ್ಕೆ ದಾರ ಎಳೆಯುತ್ತ
ರಾಗವನ್ನೂ ಎಳೆಯುತ್ತಿದ್ದ; ಗಂಟು ಬೀಳುವವರೆಗೂ
ಎಡಕ್ಕೋ ಬಲಕ್ಕೋ ಹೇಳಲಿಲ್ಲ.
ಇಗರ್ಜಿಯಲ್ಲಿ ಮಕ್ಕಳು ಒಂದೇ ಸಾಲನ್ನು
ಹನ್ನೆರಡು ಸಲ ತಪ್ಪಾಗಿ ಹಾಡಿದರು.
ಹದಿಮೂರನೆಯದು ಸರಿಹೋಯಿತು. ಆಗ ಇಡೀ ಬೀದಿ
"ಹಾಂ" ಎಂದಿತು, ಮೀನು ಮಾರುವವನೂ ಸೇರಿ.
ತಪ್ಪಿಸಿಕೊಂಡು ಬಂದದ್ದು ಎಲ್ಲಿಗೆ ನೋಡು, ಅಂದೆ.
ಮುರಿಗೆಪ್ಪ ನಕ್ಕು ಗೇರು ಬದಲಿಸಿದ.

ಮದುವೆ ಮಂಟಪದ ಹಿಂದಿನ ಬಯಲಲ್ಲಿ
ಗಾಡಿ ನಿಲ್ಲಿಸಲು ಬಿಟ್ಟವರು ಕಾವಲಿನ ನಾಣಯ್ಯ,
ಪಲ್ಟನ್ನಿನಲ್ಲಿ ಬ್ಯೂಗಲ್ ಊದಿದವರು.
ಈಗಲೂ ಗೇಟು ಹಾಕುವಾಗ, ವಾದ್ಯವಿಲ್ಲದೆ, ತುಟಿಯಲ್ಲೇ
ದೀಪ ಆರಿಸುವ ಕರೆ ಊದುತ್ತಾರಂತೆ;
ಎದುರುಮನೆಯ ನಾಯಿ ಅದನ್ನು ಕೇಳಿಯೇ ಮಲಗುವುದಂತೆ.
"ಇವತ್ತು ತಡ," ಅಂದರು. "ನಾಳೆ ಮದುವೆ. ವಾಲಗ ಇದೆ."

ಕಿವಿಗೆ ಹತ್ತಿ ತುರುಕಿ ಮಲಗಿದೆ.
ಬಾಗಿಲು ಬಡಿದರು.
ಬಡಿದದ್ದೂ ತಾಳದಲ್ಲೇ.
ಮಫ್ಲರು ಸುತ್ತಿದ ಮುದುಕ, ಹೆಸರು ಬೊಳ್ಳು,
ಹಿಂದೆ ನಾಲ್ವರು, ಕಂಕುಳಲ್ಲಿ ದುಡಿ, ಪರೆ.
"ಅಕ್ಕಾ, ಇಬ್ಬನಿಗೆ ಚರ್ಮ ಸತ್ತುಹೋಗಿದೆ.
ಸೌದೆ ಹೊಗೆ ಬಿಡುತ್ತೆ, ಉರಿಯಲ್ಲ.
ನಿಮ್ಮ ಗಾಡಿಯಲ್ಲಿ ಒಲೆ ಇದೆಯಂತೆ."

ಉರಿ ಸಣ್ಣದು ಮಾಡಿ ಅವನೇ ದುಡಿ ಹಿಡಿದ,
ಮೀಸಿದ ಕೂಸನ್ನು ಲೋಬಾನದ ಹೊಗೆಗೆ ಹಿಡಿದ ಹಾಗೆ.
ತಿರುಗಿಸಿದ. ಉಗುರಲ್ಲಿ ಕುಟ್ಟಿದ. ಕಿವಿಗಿಟ್ಟ.
"ಈಗ?" ಎಂದು ನನ್ನನ್ನೇ ಕೇಳಿದ!
ಬೆಳಿಗ್ಗೆ ಐದಕ್ಕೆ ಮೈಕಿನ ತಲೆಗೆ ಹೀಗೇ ಕುಟ್ಟಿ
ಜೀವ ಇದೆಯೋ ಇಲ್ಲವೋ ನೋಡುತ್ತಿದ್ದವಳು,
ಹತ್ತಿ ಯಾವಾಗ ತೆಗೆದೆನೋ,
"ಇನ್ನೂ ಚೂರು" ಅಂದುಬಿಟ್ಟೆ.
ಅವನು ತಲೆಯಾಡಿಸಿ ಮತ್ತೆ ಉರಿಗೆ ಹಿಡಿದ.
ಅಷ್ಟರಲ್ಲಿ ಕ್ಲಾರಿನೆಟ್ಟಿನ ಹುಡುಗ ರತೀಶ
ಕುಕ್ಕರಿನ ಕಡೆ ನೋಡಿ, "ಇದರದು ಯಾವ ಶ್ರುತಿ?"
"ಶ್ರುತಿ ಗೊತ್ತಿಲ್ಲಪ್ಪ, ಮೂರು ಸಿಳ್ಳೆಗೆ ಬೇಳೆ," ಅಂದ ಮುರಿಗೆಪ್ಪ.
ಆರು ಜನ ನಕ್ಕಿದ್ದಕ್ಕೆ ಗಾಡಿ ಒಂದು ಕಡೆ ವಾಲಿತು.

ಆಮೇಲೆ ಒಳಗೆ ವಾಲಗ ಎದ್ದಿತು.
ಲೋಟದ ನೀರಿನಲ್ಲಿ ಬಳೆ ಬಳೆ ಬಳೆ.
ಆಪರೇಷನ್ ಆದ ಮಂಡಿ ಮರೆತು ಮುರಿಗೆಪ್ಪ
ಬನಿಯನ್ನಿನಲ್ಲೇ ಇಳಿದು ಹೋದ.
ನಾನು ಕುಣಿದೆ ಅಂತ ಹೇಳಲಾರೆ.
ಒಂದು ಕಾಲು ಮೆಟ್ಟಿಲ ಮೇಲಿತ್ತು, ಒಂದು ಹುಲ್ಲಿನ ಮೇಲೆ.
ಹುಲ್ಲಿನ ಮೇಲಿದ್ದದ್ದು ನನ್ನ ಮಾತು ಕೇಳಲಿಲ್ಲ.

ಬೆಳಿಗ್ಗೆ ಪೆರುಂಬಾಡಿ ದಾಟಿ ಮಾಕುಟ್ಟದ ಇಳಿಜಾರು.
ಒಲೆಯ ಸುತ್ತ ಇನ್ನೂ ಸುಟ್ಟ ಕೂದಲಿನ, ಮೇಕೆಯ ವಾಸನೆ.
ಅವನ ಕಣ್ಣು ರಸ್ತೆಯ ಮೇಲೆ.
ದೊಡ್ಡ ಸೌಟಿನ ಬಟ್ಟೆ ಬಿಚ್ಚಿದೆ, ಅದೊಂದರದ್ದೇ.
ಮೊದಲ ತಿರುವಿಗೆ ಅದು ತಗಡಿಗೆ ತಾಗಿತು.
ಎರಡನೆಯ ತಿರುವಿಗೆ ಕಾದೆ.