ಹತ್ತು ದಿನದ ಮೌನ

ಲೇಲೊ ಹತ್ತೊಂಬತ್ತು ವರ್ಷ ಕೈಯಾರೆ ಮಾಡಿದ್ದನ್ನು
ನಾನು ನಾಲ್ಕು ಶನಿವಾರಗಳಲ್ಲಿ ಯಂತ್ರಕ್ಕೆ ಕಲಿಸಿದೆ,
ತಾರ್ತುವಿನಲ್ಲಿ, ಅವಳದೇ ಅಡುಗೆಮನೆಯ ಮೇಜಿನಲ್ಲಿ,
ಕೀಬೋರ್ಡಿನ ಸಂದಿಯಿಂದ ಕಪ್ಪು ರೊಟ್ಟಿಯ ಪುಡಿ ಊದಿ ಊದಿ.
ಹೊರಗೆ ನದಿ ಇನ್ನೂ ಹೆಪ್ಪುಗಟ್ಟಿತ್ತು.

ಮೊದಲ ಬಾಗಿಲು: ಸಹಿ ಯಾರದು?
ಎರಡನೆಯದು: ಮೂಲದಿಂದ ಕಟ್ಟಿದರೆ ನಿಲ್ಲುತ್ತದೆಯೇ,
ಇವತ್ತು ಕಟ್ಟಿದ್ದೂ ನಾಳೆ ಕಟ್ಟಿದ್ದೂ ಅಕ್ಷರಶಃ ಒಂದೆಯೇ?
ಮೂರನೆಯದು: ಒಳಗೆ ಬಂದರೆ ನೆರೆಯವರನ್ನು ಕೆಡಿಸೀತೇ?
ಅನ್ನ ಬೆಂದಿತೇ ಎನ್ನಲು ಒಂದಗುಳು ಸಾಕು ಅನ್ನುವವರು
ಇದನ್ನು ನೋಡಬೇಕು:
ಪ್ರತಿ ಅಗುಳನ್ನೂ ಹಿಸುಕುತ್ತದೆ,
ರಾತ್ರಿ ಮೂರಕ್ಕೂ, ಭಾನುವಾರವೂ, ಆಕಳಿಸದೆ.

ಕೊನೆಗೆ ಹತ್ತು ದಿನದ ಕಾಯುವಿಕೆ.
ಅಷ್ಟರಲ್ಲಿ ಯಾರೂ ದೂರದಿದ್ದರೆ
ಪ್ಯಾಕೇಜು ತಾನಾಗಿ ಹೊಸ್ತಿಲು ದಾಟಿ
‘ಸ್ಥಿರ’ ಎಂಬ ಒಳಮನೆಗೆ ಹೋಗುತ್ತದೆ.
ಮೌನಂ ಸಮ್ಮತಿ ಲಕ್ಷಣಂ.
ಅದನ್ನು ಒಂದೇ ಸಾಲಿನ ಕೋಡಿನಲ್ಲಿ ಬರೆದು ಬೀಗಿದೆ.

ಲೇಲೊ ಓದಿದಳು.
“ಹನುಸ್‌ನನ್ನು ಕೇಳುವುದು ಎಲ್ಲಿದೆ?”

ಯಾವ ಹನುಸ್?

ಫ್ಯಾರೋ ದ್ವೀಪಗಳಲ್ಲಿ ಸ್ವಿನೊಯ್ ಅಂತ ಒಂದು ತುಣುಕು ನೆಲ.
ಅಲ್ಲಿನ ದೋಣಿಮನೆಯಲ್ಲಿ ಮುದುಕನದೊಂದು ಮುದಿ ಯಂತ್ರ,
ಸಂಖ್ಯೆಗಳನ್ನು ಇನ್ನೊಂದು ತುದಿಯಿಂದ ಓದುವ ಜಾತಿ,
ಆ ಜಾತಿಗೆ ಈಗ ಅದೊಂದೇ ಕುಡಿ.
ಗಾಳಿಯ ಒತ್ತಡವನ್ನು ಗಂಟೆಗೊಮ್ಮೆ ಬರೆದಿಡುತ್ತದೆ.
ಪ್ರತಿ ಬಿಡುಗಡೆಗೂ ಲೇಲೊ ಅವನಿಗೆ ಬರೆಯುತ್ತಿದ್ದಳು.
“ಓಡುತ್ತೆ” ಎಂದು ಒಂದೇ ಪದ ಬರುತ್ತಿತ್ತು.
ಒಮ್ಮೆ ಮಾತ್ರ: “ಓಡುತ್ತೆ. ಕುರಿ ಅವಳಿ ಹಾಕಿದೆ.”

“ಒಬ್ಬನಿಗಾಗಿ ಎಲ್ಲರೂ ಕಾಯಬೇಕೇ?” ಅಂದೆ.
ಅವಳು ಮಾತಾಡದೆ ರೊಟ್ಟಿ ಕೊಯ್ದಳು.
ಅದನ್ನೂ ಸಮ್ಮತಿ ಎಂದೇ ಎಣಿಸಿದೆ.

ಮೊದಲ ತಿಂಗಳು ಆರುನೂರು ಪ್ಯಾಕೇಜು
ಯಾರ ಕೈಯೂ ತಾಗದೆ ಲೋಕಕ್ಕೆ ಹೋದವು.
ಬಿಡುಗಡೆ ಎಂಬ ಪದಕ್ಕೆ ಇನ್ನೊಂದರ್ಥವೂ ಉಂಟಲ್ಲ,
ಲೇಲೊ ಅಂಥ ರಾತ್ರಿಗಳಲ್ಲಿ ಮಲಗತೊಡಗಿದಳು.

ಏಪ್ರಿಲಿನಲ್ಲಿ, ಹನ್ನೆರಡನೆಯ ದಿನ, ಪತ್ರ:
“ಬಿರುಗಾಳಿಗೆ ಕಂಬ ಬಿದ್ದು ಕರೆಂಟು ಇರಲಿಲ್ಲ.
ನಿನ್ನೆ ಬಂತು. ಹೊಸದನ್ನು ಹಾಕಿದೆ. ಓಡುತ್ತಿಲ್ಲ.
ನಿಮ್ಮ ಲೆಕ್ಕದಲ್ಲಿ ಈ ದ್ವೀಪದ ಮೇಲೆ ಗಾಳಿಯೇ ಇಲ್ಲ.”

ನಗು ಬಂತು. ಆಮೇಲೆ ಬರಲಿಲ್ಲ.
ನನ್ನ ಸಾಲಿಗೆ ಎರಡು ಮೌನಗಳ ವ್ಯತ್ಯಾಸ ಗೊತ್ತಿರಲಿಲ್ಲ,
ಒಪ್ಪಿದವನದು, ಕತ್ತಲಲ್ಲಿ ಕೂತವನದು.

ಬಿಟ್ಟದ್ದನ್ನು ಹಿಂದಕ್ಕೆ ಕರೆದೆವು.
ನಾಲ್ಕನೆಯ ಬಾಗಿಲು ಬರೆದೆ:
ಹನುಸ್‌ಗೆ ಪತ್ರ ಹಾಕು, ಕಾಯಿ.
“ಎಷ್ಟು ದಿನ ಅಂತ ಬರೆಯಲಿ?”
“ಬರೆಯಬೇಡ.”

ಇವತ್ತಿಗೆ ಒಂಬತ್ತು ದಿನ.
ಇನ್ನೂರು ಪ್ಯಾಕೇಜುಗಳ ಮುಂದೆ ಹಸಿರು,
ಒಂದರ ಮುಂದೆ ಮಾತ್ರ ಹಳದಿ.
ಯಾರೋ ಬಯ್ದು ಬರೆದಿದ್ದಾರೆ, ಯಾಕೆ ತಡ ಎಂದು.
ಲೇಲೊ ಇನ್ನೂ ಮಲಗಿಲ್ಲ,
ಸ್ವಿನೊಯ್‌ನಲ್ಲಿ ಗಾಳಿ ಎಷ್ಟಿದೆ ಅಂತ ನೋಡುತ್ತಿದ್ದಾಳೆ.